ದೇವರ ಕಾಲಿನ ಪಕ್ಕದ ಮರದ ಮೋಟು

ಗ್ರೀಕ್ ದೇವತೆಗಳ ಅಮೃತಶಿಲೆಯ ಮೂರ್ತಿಗಳನ್ನು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಮುಖ ನೋಡುತ್ತಾರೆ. ಆಮೇಲೆ ಎದೆ, ಹೊಟ್ಟೆ, ಬಟ್ಟೆಯ ನೆರಿಗೆ. ನಾನು ಈಚೀಚೆಗೆ ಮೊದಲು ಕಾಲು ನೋಡುತ್ತೇನೆ. ಅಪೊಲೊ ಆಗಲಿ, ಹರ್ಮಿಸ್ ಆಗಲಿ, ಡಯೊನೈಸಸ್ ಆಗಲಿ, ನಿಂತ ದೇವರ ಕಾಲಿಗೆ ಒತ್ತಿಕೊಂಡು ಬಹಳ ಸಲ ಒಂದು ಮರದ ಮೋಟು ಇರುತ್ತದೆ. ಕೊಂಬೆ ಕಡಿದ, ಒರಟು ತೊಗಟೆಯ ಮೋಟು. ಸಾಲಾಗಿ ನಾಲ್ಕೈದು ಮೂರ್ತಿ ನೋಡಿದ ಮೇಲೆ, ಈ ದೇವರುಗಳಿಗೆಲ್ಲ ಮರ ಕಡಿದ ಜಾಗದಲ್ಲೇ ಬಂದು ನಿಲ್ಲುವ ಹರಕೆಯೇನಾದರೂ ಇತ್ತೇ ಎಂದು ನಗು ಬರುತ್ತದೆ.

ಮೋಟಿಗೆ ಪುರಾಣದಲ್ಲಿ ಕಾರಣ ಹುಡುಕಬೇಕಾಗಿಲ್ಲ. ಕ್ರಿಸ್ತಪೂರ್ವ ಐದನೇ, ನಾಲ್ಕನೇ ಶತಮಾನಗಳಲ್ಲಿ ಪಾಲಿಕ್ಲೀಟಸ್, ಲಿಸಿಪ್ಪಸ್‌ರಂಥ ಗ್ರೀಕ್ ಶಿಲ್ಪಿಗಳು ಹೆಸರು ಮಾಡಿದ್ದು ಕಂಚಿನ ಎರಕದಲ್ಲಿ. ಎರಕದ ಮೂರ್ತಿ ಒಳಗೆ ಟೊಳ್ಳು, ಹೊರಗೆ ಗಟ್ಟಿ. ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದರ ಹಿಮ್ಮಡಿ ಎತ್ತಿ, ಕೈ ಚಾಚಿ ನಿಲ್ಲಿಸಿದರೂ ಅದು ನಿಲ್ಲುತ್ತದೆ. ಅದೇ ಭಂಗಿಯನ್ನು ರೋಮನ್ನರ ಕಾಲದ ಕಲ್ಲುಕುಟಿಗ ಅಮೃತಶಿಲೆಗೆ ತಂದಾಗ ಇಡೀ ಮೈಯ ಭಾರ ಎರಡು ಕಣಕಾಲಿನ ಮೇಲೆ ಕೂತಿತು. ಕಲ್ಲು ಎಷ್ಟು ಭಾರವನ್ನಾದರೂ ಹೊತ್ತೀತು, ಆದರೆ ತೆಳುವಾದ ಕಡೆ ಒಂದು ಚೂರು ವಾಲಿದರೆ ಫಟ್ಟನೆ ಮುರಿಯುತ್ತದೆ. ಹಾಗಾಗಿ ಗೊನೆ ಬಿಟ್ಟ ಬಾಳೆಗೆ ಕವೆಗೋಲು ಕೊಟ್ಟ ಹಾಗೆ ದೇವರಿಗೊಂದು ಮೋಟು. ಚಾಚಿದ ಕೈಗೆ ತೊಡೆಯಿಂದ ಒಂದು ಕಲ್ಲಿನ ಅಡ್ಡಕಡ್ಡಿ. ಕೆಲವು ಕಡೆ ಬೆರಳು ಬೆರಳಿನ ನಡುವೆಯೂ ಸಣ್ಣ ಕಡ್ಡಿಗಳು.

ಮೋಟು ಇದ್ದ ಮಾತ್ರಕ್ಕೆ ಅದು ನಕಲೇ ಎಂದು ತೀರ್ಪು ಕೊಡಲಾಗದು. ಕಲ್ಲಿನಲ್ಲೇ ಹುಟ್ಟಿದ ಮೂರ್ತಿಗೂ ಆಸರೆ ಬೇಕು. ಈ ಆಸರೆಗಳಲ್ಲಿ ಶಿಲ್ಪಿಯ ಹೆಮ್ಮೆಯೂ ಇತ್ತು, ಒಂದೇ ಬಂಡೆಯಿಂದ ಇಷ್ಟನ್ನೂ ಬಿಡಿಸಿದ್ದೇನೆ ನೋಡಿ ಎಂದು ಅವು ತೋರಿಸುತ್ತಿದ್ದವು ಎಂಬರ್ಥದಲ್ಲಿ ಆನಾ ಆಂಗ್ವಿಸ್ಸೋಲ ಎಂಬ ವಿದುಷಿ 2018ರಲ್ಲಿ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಆದರೂ ನನಗೆ ಮೋಟು ಕಂಡ ಕೂಡಲೇ ಕೇಳಬೇಕೆನ್ನಿಸುವ ಪ್ರಶ್ನೆ ಒಂದೇ: ಈ ದೇವರು ಮೊದಲು ಎಲ್ಲಿದ್ದ?

ಬಹುಪಾಲು ಸಲ ಉತ್ತರ, ಈಗ ಎಲ್ಲೂ ಇಲ್ಲ ಎಂಬುದೇ. ಕಂಚು ಬೆಲೆಬಾಳುವ ಲೋಹ. ಯುದ್ಧ ಬಂದಾಗ ಆಯುಧಕ್ಕೆ, ಬಡತನ ಬಂದಾಗ ನಾಣ್ಯಕ್ಕೆ, ಧರ್ಮ ಬದಲಾದಾಗ ಗಂಟೆಗೆ, ಪಾತ್ರೆಗೆ ಎಂದು ಹಳೆಯ ದೇವರುಗಳು ಕುಲುಮೆಗೆ ಹೋದರು. ಉಳಿದ ಕೆಲವು ದೊಡ್ಡ ಕಂಚುಗಳಲ್ಲಿ ಹಲವನ್ನು ಕಾಪಾಡಿದ್ದು ಸಮುದ್ರ. ಗ್ರೀಸಿನ ಆರ್ಟಿಮಿಸಿಯನ್ ಭೂಶಿರದ ಬಳಿ 1920ರ ದಶಕದಲ್ಲಿ ನೀರಿನಿಂದ ಎತ್ತಿದ ದೇವರು ಝ್ಯೂಸನೋ ಪೊಸೈಡನನೋ ಎಂದು ಇವತ್ತಿಗೂ ವಾದವಿದೆ, ಏಕೆಂದರೆ ಅವನ ಕೈಯಲ್ಲಿದ್ದದ್ದು ಸಿಡಿಲೋ ತ್ರಿಶೂಲವೋ ಎಂಬುದು ಕಡಲಲ್ಲೇ ಉಳಿಯಿತು. ಅವನು ಎರಡು ಕಾಲು ಅಗಲಿಸಿ, ಎರಡೂ ಕೈ ಚಾಚಿ, ಯಾವ ಆಸರೆಯೂ ಇಲ್ಲದೆ ನಿಂತಿದ್ದಾನೆ. ಹಡಗು ಮುಳುಗದೆ ಇದ್ದಿದ್ದರೆ ಅವನೂ ಉಳಿಯುತ್ತಿದ್ದುದು ಅನುಮಾನ.

ರೋಮನ್ನರಿಗೆ ಈ ದೇವರುಗಳ ರುಚಿ ಹತ್ತಿದ್ದು ದೊಡ್ಡ ಪ್ರಮಾಣದ ಲೂಟಿಯಿಂದ. ಕ್ರಿಸ್ತಪೂರ್ವ 146ರಲ್ಲಿ ಮಮ್ಮಿಯಸ್ ಎಂಬ ಸೇನಾಪತಿ ಕೊರಿಂತ್ ನಗರವನ್ನು ನೆಲಸಮ ಮಾಡಿ ಅಲ್ಲಿನ ಕಲಾಕೃತಿಗಳನ್ನು ಹಡಗಿಗೆ ತುಂಬಿಸಿದ. ಸಾಗಿಸುವವರಿಗೆ ಅವನು ಕಟ್ಟುನಿಟ್ಟಾಗಿ ಹೇಳಿದನಂತೆ: ಇವುಗಳಲ್ಲಿ ಯಾವುದಾದರೂ ಕಳೆದರೆ ಅದರ ಬದಲು ಹೊಸದನ್ನು ಮಾಡಿಸಿ ಕೊಡಬೇಕು! ವೆಲ್ಲೆಯಸ್ ಎಂಬ ರೋಮನ್ ಇತಿಹಾಸಕಾರ ಇದನ್ನು ಮಮ್ಮಿಯಸ್ಸನ ದಡ್ಡತನಕ್ಕೆ ಉದಾಹರಣೆಯಾಗಿ ಹೇಳುತ್ತಾನೆ. ಆದರೆ ಮುಂದಿನ ನಾಲ್ಕು ಶತಮಾನ ರೋಮಿನ ಸಿರಿವಂತರು ಮಾಡಿದ್ದು ಬಹುತೇಕ ಅದನ್ನೇ. ಮೂಲ ಸಿಕ್ಕದಿದ್ದವರು ಹೊಸದನ್ನು ಮಾಡಿಸಿಕೊಂಡರು.

ಹೇಗೆ ಮಾಡುತ್ತಿದ್ದರು ಎನ್ನುವುದಕ್ಕೆ 1954ರಲ್ಲಿ ನೇಪಲ್ಸ್ ಬಳಿಯ ಬಯಾದಲ್ಲಿ ಸಾಕ್ಷಿ ಸಿಕ್ಕಿತು. ಹಳೆಯ ಸ್ನಾನಗೃಹವೊಂದರ ನೆಲಮಾಳಿಗೆಯಲ್ಲಿ ನೂರಾರು ಪ್ಲಾಸ್ಟರ್ ಚೂರುಗಳು. ಮೂಗು, ಕಿವಿ, ಬೆರಳು, ಬಟ್ಟೆಯ ಅಂಚು. ಅವು ಗ್ರೀಕ್ ಕಂಚುಗಳ ಮೇಲೆಯೇ ಅಚ್ಚು ತೆಗೆದು ಎರೆದ ಪ್ರತಿರೂಪಗಳು. ಕಲ್ಲುಕುಟಿಗರು ಅವನ್ನು ಎದುರಿಗಿಟ್ಟುಕೊಂಡು, ಚುಕ್ಕಿಯಿಂದ ಚುಕ್ಕಿಗೆ ಅಳತೆ ಹಿಡಿದು, ಅದೇ ಕೆನ್ನೆಯನ್ನು ಅಮೃತಶಿಲೆಯಲ್ಲಿ ತೆಗೆಯುತ್ತಿದ್ದರು. ಕಂಚು ಹೋಯಿತು, ಕಂಚಿಗೆ ಮೈ ಒತ್ತಿ ತೆಗೆದ ಪ್ಲಾಸ್ಟರಿನ ತುಣುಕು ನೆಲಮಾಳಿಗೆಯ ಕತ್ತಲಲ್ಲಿ ಉಳಿಯಿತು.

ಸಣ್ಣ ಪ್ರತಿಗಳು ಇನ್ನೂ ದೂರ ಹೋದವು. ನಮ್ಮ ಗಡಿಗೆ ತಾಗಿದ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದ ಉತ್ಖನನದಲ್ಲಿ ಗೇಣುದ್ದದ ಪೊಸೈಡನ್ ಸಿಕ್ಕಿದ. ರೋಮನ್ ವ್ಯಾಪಾರದ ಜೊತೆ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತಿದ ಕಡಲದೇವರು. ಕಂಚಿನವನಾದ್ದರಿಂದ ಅವನಿಗೆ ಮೋಟಿನ ಹಂಗಿಲ್ಲ.

ಹೀಗೆ ಮಾಡಿಸಿಕೊಂಡ ದೇವರನ್ನು ಏನು ಮಾಡುತ್ತಿದ್ದರು? ಪೂಜೆಯ ಮೂರ್ತಿಗಳೂ ಇದ್ದವು, ನಿಜ. ಆದರೆ ನಾವು ಇಂದು ಮ್ಯೂಸಿಯಮ್ಮುಗಳಲ್ಲಿ ನೋಡುವ ಎಷ್ಟೋ ಮೂರ್ತಿಗಳು ತೋಟದ ಮನೆ, ಸ್ನಾನಗೃಹ, ರಂಗಮಂದಿರಗಳ ಅಲಂಕಾರಕ್ಕೆ ಬಂದವು. ಸಿಸೆರೊ ತನ್ನ ಟಸ್ಕ್ಯುಲಮ್ಮಿನ ಮನೆಗೆ ಮೂರ್ತಿ ತರಿಸಲು ಗೆಳೆಯ ಅಟಿಕಸ್‌ಗೆ ಬರೆದ ಪತ್ರಗಳಲ್ಲಿ ಮಕ್ಕಳ ಆತುರವಿದೆ: ಏನು ಸಿಕ್ಕಿದರೂ ಬೇಗ ಕಳಿಸು. ಇನ್ನೊಬ್ಬ ಗೆಳೆಯ ಅವನ ಪರವಾಗಿ ಕೇಳದ್ದನ್ನೆಲ್ಲ ಕೊಂಡಾಗ ಸಿಸೆರೊನಿಗೆ ಸಿಟ್ಟು ಬಂತು. ಮ್ಯೂಸ್ ದೇವಿಯರಾದರೆ ನನ್ನ ಪುಸ್ತಕಗಳ ಕೋಣೆಗೆ ಒಪ್ಪುತ್ತಿದ್ದರು, ಡಯೊನೈಸಸ್ಸನ ಹಿಂದೆ ಕುಣಿಯುವ ಹೆಂಗಸರನ್ನು ಎಲ್ಲಿಡಲಿ? ಶಾಂತಿ ಬಯಸುವ ನನಗೆ ಯುದ್ಧದೇವರು ಮಾರ್ಸ್ ಯಾಕೆ? ಸದ್ಯ, ಶನಿಯನ್ನು ತರಲಿಲ್ಲವಲ್ಲ! ಎಂಬರ್ಥದ ಆ ಪತ್ರ ಓದಿದಾಗ, ಹೊಸ ಮನೆಯ ಹಜಾರಕ್ಕೆ ಯಾವ ಬುದ್ಧನನ್ನು ಇಟ್ಟರೆ ಚೆಂದ ಎಂದು ಚರ್ಚಿಸುವ ನಮ್ಮ ಬಂಧುಗಳ ನೆನಪಾಯಿತು. ಶನಿಯ ಹೆಸರು ಕೇಳಿದರೆ ಅಳುಕುವುದು ಮಾತ್ರ ಎರಡು ಸಾವಿರ ವರ್ಷದಲ್ಲಿ ಬದಲಾದಂತಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆಯೊಂದನ್ನು ಪ್ಲಿನಿ ಹೇಳುತ್ತಾನೆ. ಕ್ನಿಡಸ್ ಎಂಬ ಸಣ್ಣ ಗ್ರೀಕ್ ಊರಿನಲ್ಲಿ ಪ್ರಾಕ್ಸಿಟಿಲೀಸ್ ಕಡೆದ ಅಫ್ರೊಡೈಟಿ ಇದ್ದಳು. ಅದು ಕಂಚಲ್ಲ, ಅಮೃತಶಿಲೆಯೇ. ಅವಳನ್ನು ನೋಡಲೆಂದೇ ಜನ ಹಡಗು ಹತ್ತಿ ಬರುತ್ತಿದ್ದರು. ಊರಿನ ಮೇಲೆ ಭಾರಿ ಸಾಲವಿತ್ತು. ನಿಕೊಮಿಡೀಸ್ ಎಂಬ ದೊರೆ, ಮೂರ್ತಿ ಕೊಡಿ, ಊರ ಸಾಲವನ್ನೆಲ್ಲ ತೀರಿಸುತ್ತೇನೆ ಎಂದ. ಊರವರು ಒಪ್ಪಲಿಲ್ಲ. ಕೊನೆಗೆ ಆ ಮೂರ್ತಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ, ಲಾಸಸ್ ಎಂಬವನ ಅರಮನೆಯಲ್ಲಿದ್ದಾಗ 475ರ ಬೆಂಕಿಯಲ್ಲಿ ನಾಶವಾಯಿತೆಂದು ಬೈಜಾಂಟಿಯಮ್ಮಿನ ಬರಹಗಾರರು ಹೇಳುತ್ತಾರೆ. ಅವಳ ರೋಮನ್ ಪ್ರತಿಗಳು ಮಾತ್ರ ಹಲವಾರು ಉಳಿದಿವೆ. ರೂಪ ಹೇಗಿತ್ತೆಂದು ಅವುಗಳಿಂದ ಗೊತ್ತಾಗುತ್ತದೆ. ಸಾಲದಲ್ಲಿ ಮುಳುಗಿದ ಊರು ಯಾಕೆ ಅವಳನ್ನು ಬಿಟ್ಟುಕೊಡಲಿಲ್ಲ ಎಂದು ಗೊತ್ತಾಗುವುದಿಲ್ಲ.

ಅದು ನನಗೆ ಸ್ವಲ್ಪ ಅರ್ಥವಾಗಿದ್ದರೆ ಅಜ್ಜಿಯಿಂದ.

ಹಾಸನದ ಕಡೆಯ ನಮ್ಮೂರಿನ ಕೇಶವನ ಗುಡಿ ದೊಡ್ಡದೇನಲ್ಲ. ನಾನು ಪಿಯುಸಿ ಓದುತ್ತಿದ್ದಾಗ ಮೂಲಮೂರ್ತಿಯ ಬಲಗೈಯ ಎರಡು ಬೆರಳು ಮುರಿದವು. ಹೇಗೆ ಎಂದು ಯಾರೂ ಬಾಯಿ ಬಿಡಲಿಲ್ಲ. ಆಗಮ ಬಲ್ಲವರು ಬಂದು ನೋಡಿ, ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು, ಹೊಸದು ಆಗಬೇಕು ಎಂದರು. ಕೋಲಾರದ ಕಡೆಯ ಶಿವಾರಪಟ್ಟಣದಿಂದ ಶಿಲ್ಪಿ ಬಂದ. ನೂಲು ಹಿಡಿದು, ಟೇಪು ಹಿಡಿದು ಎರಡು ದಿನ ಅಳೆದ. ಕಿರೀಟದ ಒಂದೊಂದು ಎಸಳನ್ನೂ ಕಾಗದದ ಮೇಲೆ ಬರೆದುಕೊಂಡ. ಏಳು ತಿಂಗಳಿಗೆ ಕೃಷ್ಣಶಿಲೆಯ ಹೊಸ ಕೇಶವ ಲಾರಿಯಲ್ಲಿ ಹುಲ್ಲಿನ ಮೇಲೆ ಮಲಗಿಕೊಂಡು ಬಂದ. ಅಳತೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಹಳೆಯ ಮೂರ್ತಿಯಲ್ಲಿದ್ದ ಕಲೆಯನ್ನು ಮಂತ್ರದಿಂದ ಕಲಶದ ನೀರಿಗೆ ಇಳಿಸಿಕೊಂಡು ಹೊಸ ಮೂರ್ತಿಗೆ ತುಂಬಿದರು. ಅದಕ್ಕೆ ಕಲಾಕರ್ಷಣ ಎನ್ನುತ್ತಾರೆ. ಚಿನ್ನದ ಸೂಜಿಯಿಂದ ಕಣ್ಣು ತೆರೆಸಿದರು. ತೆರೆದ ಕಣ್ಣಿಗೆ ಮೊದಲು ಕನ್ನಡಿ, ಆಮೇಲೆ ಹಸು ಕರು ತೋರಿಸಿದರು. ಹಳೆಯ ದೇವರನ್ನು ಗಾಡಿಯಲ್ಲಿ ಒಯ್ದು ಹೊಳೆಯ ಮಡುವಿನಲ್ಲಿ ಬಿಟ್ಟರು. ಊರೆಲ್ಲ ಹೋಯಿತು, ಅಜ್ಜಿ ಹೋಗಲಿಲ್ಲ.

ಅಜ್ಜಿ ಶನಿವಾರ ಶನಿವಾರ ಗುಡಿಗೆ ಹೋಗಿ, ಮಂಗಳಾರತಿ ಮುಗಿದು ಜನ ಕರಗಿದ ಮೇಲೆ ಗರ್ಭಗುಡಿಯ ಹೊಸ್ತಿಲ ಪಕ್ಕ ಕೂತು ದೇವರ ಜೊತೆ ಮಾತಾಡುವವಳು. ಪ್ರಾರ್ಥನೆ ಎನ್ನುವಂಥದ್ದಲ್ಲ, ಸುದ್ದಿ. ಹಸು ಈದಿದ್ದು, ಕಾಳುಮೆಣಸಿನ ಧಾರಣೆ ಬಿದ್ದಿದ್ದು, ಸೊಸೆಯ ಮೇಲಿನ ಮುನಿಸು. ಹೊಸ ದೇವರು ಬಂದ ಮೇಲೆ ಎರಡು ಶನಿವಾರ ಹೂವು ಕೊಟ್ಟು ಹಾಗೇ ಬಂದಳು. ಯಾಕಜ್ಜಿ ಎಂದೆ.

“ಇವನಿಗೆ ನನ್ನ ಗುರ್ತಿಲ್ಲ ಕಣೇ.”

“ಅದೇ ದೇವರಲ್ವಾ ಅಜ್ಜಿ? ಕಲಶದಲ್ಲಿ ಎಲ್ಲ ಬಂತಲ್ಲ.”

“ಶಕ್ತಿ ಬಂದಿರಬೌದು. ನಮ್ಮನೆ ಸುದ್ದಿ ಎಲ್ಲಿ ಬರುತ್ತೆ?”

ಮೂರನೇ ಶನಿವಾರದಿಂದ ಅವಳು ಮೊದಲಿನಿಂದ ಹೇಳಲು ಶುರು ಮಾಡಿದಳು. ತಾನು ಯಾರ ಮಗಳು, ಯಾವ ಊರಿಂದ ಈ ಊರಿಗೆ ಬಂದೆ, ಬಂದಾಗ ಎಷ್ಟು ವಯಸ್ಸು. ಅವಳನ್ನು ಕರೆದುಕೊಂಡು ಬರಲು ಹೋಗಿ ನಾನು ಕಂಬದ ಹಿಂದೆ ಕಾಯುತ್ತಿದ್ದೆ. ನನ್ನ ಅಪ್ಪನಿಗಿಂತ ಮೊದಲು ಅವಳಿಗೊಂದು ಹೆಣ್ಣುಮಗು ಹುಟ್ಟಿ ಒಂಬತ್ತು ದಿನ ಇತ್ತು, ನಾಮಕರಣಕ್ಕೆ ಮೊದಲೇ ಹೋಯಿತು ಎಂಬುದು ಹಾಗೆ ನನಗೆ ತಿಳಿಯಿತು. ಮನೆಯಲ್ಲಿ ಅದನ್ನು ಯಾರೂ ಎಂದೂ ಹೇಳಿರಲಿಲ್ಲ. “ಅವನಿಗೆ ಹೇಳಿದ್ದೆ, ನಿನಗೂ ಗೊತ್ತಿರಲಿ,” ಎಂದು ಅವಳು ಹೊಸ ಕೇಶವನಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಎಲ್ಲವನ್ನೂ ಹೇಳಿ ಮುಗಿಸಲು ಅವಳಿಗೆ ಒಂದು ಮಳೆಗಾಲ, ಒಂದು ಚಳಿಗಾಲ ಹಿಡಿಯಿತು. ಆಮೇಲೆ ಮೊದಲಿನಂತೆ ಧಾರಣೆಯ ಸುದ್ದಿಗೆ ಬಂದಳು.

ಶಿಲ್ಪಿಯ ಟೇಪು ರೂಪವನ್ನು ತಂದಿತು, ಕಲಶ ಶಕ್ತಿಯನ್ನು ತಂದಿತು ಎಂದು ಊರು ನಂಬಿತು. ಮೂರನೆಯದೊಂದು ಇದೆ, ಅದನ್ನು ಯಾರೂ ತಂದುಕೊಡಲಾರರು, ಎದುರಿಗೆ ಕೂತವರೇ ಮತ್ತೆ ಕಟ್ಟಿಕೊಳ್ಳಬೇಕು ಎಂದು ಅಜ್ಜಿಗೆ ಗೊತ್ತಿತ್ತು. ಕ್ನಿಡಸ್ಸಿನವರಿಗೂ ಗೊತ್ತಿದ್ದಿರಬೇಕು. ಸಾಲ ತೀರಿಸಲು ಬಂದ ದೊರೆಗೆ ಅದನ್ನು ಹೇಗೆ ವಿವರಿಸಿದರೋ.

ರೋಮಿನ ನವೋನಾ ಚೌಕದ ಹತ್ತಿರ ಪಲಾಜೊ ಆಲ್ಟೆಂಪ್ಸ್ ಎಂಬ ಹಳೆಯ ಅರಮನೆ ಈಗ ಮ್ಯೂಸಿಯಂ. ಮಗಳ ಓದಿನ ನೆಪದಲ್ಲಿ ಆ ಊರಿನಲ್ಲಿದ್ದ ಹತ್ತು ದಿನಗಳಲ್ಲಿ ನಾನು ಅಲ್ಲಿಗೆ ಎರಡು ಸಲ ಹೋದೆ. ಲುಡೊವಿಸಿ ಎಂಬ ಕಾರ್ಡಿನಲ್ 1620ರ ದಶಕದಲ್ಲಿ ಕೂಡಿಸತೊಡಗಿದ ಮೂರ್ತಿಗಳು ಅಲ್ಲಿವೆ. ನೆಲದಿಂದ ಎದ್ದ ದೇವರಿಗೆ ಕೈಯಿಲ್ಲ, ಮೂಗಿಲ್ಲ. ಅಂದಿನವರಿಗೆ ಭಿನ್ನಮೂರ್ತಿ ಇಷ್ಟವಾಗುತ್ತಿರಲಿಲ್ಲ, ಹಾಗಂತ ಹೊಳೆಗೆ ಬಿಡುವವರೂ ಅಲ್ಲ. ಒಳ್ಳೆಯ ಶಿಲ್ಪಿಗಳನ್ನು ಕರೆಸಿ ಹೊಸ ಅಂಗ ಜೋಡಿಸಿದರು. ಮೊಣಕಾಲಿನ ಮೇಲೆ ಕೈ ಹೆಣೆದು ಆಯಾಸದಿಂದ ಕೂತ ಯುದ್ಧದೇವರು ಏರಿಸನ ಬಲಪಾದ ಬೆರ್ನಿನಿ 1622ರಲ್ಲಿ ಮಾಡಿದ್ದು. ಕತ್ತಿಯ ಹಿಡಿಯ ಮೇಲೆ ವಿಕಾರ ಮುಖವೊಂದನ್ನು ಕೆತ್ತಿ ತನ್ನ ತುಂಟತನವನ್ನೂ ಸೇರಿಸಿದ್ದಾನೆ. ಮೂರ್ತಿಗಳ ಪಕ್ಕದ ಫಲಕಗಳಲ್ಲಿ ರೇಖಾಚಿತ್ರಗಳಿವೆ, ಯಾವ ಭಾಗ ಹಳೆಯದು, ಯಾವುದು ಜೋಡಿಸಿದ್ದು ಎಂದು ಬೇರೆ ಬೇರೆ ಛಾಯೆಯಲ್ಲಿ ತೋರಿಸಿದ್ದಾರೆ. ಕಳೆದುಹೋದ ಗ್ರೀಕ್ ರೂಪ, ಅದನ್ನು ಕಲ್ಲಿಗೆ ತಂದ ರೋಮನ್ ಕೈ, ಅದಕ್ಕೆ ಪಾದ ಕೊಟ್ಟ ಬೆರ್ನಿನಿ, ಯಾವುದು ಯಾವುದೆಂದು ಗೆರೆ ಎಳೆದ ನಮ್ಮ ಕಾಲದವರು. ಒಂದು ದೇಹದಲ್ಲಿ ಇಷ್ಟು ಜನ.

ನೇಪಲ್ಸಿನಲ್ಲಿರುವ ಫರ್ನೀಸ್ ಹರ್ಕ್ಯುಲಿಸನ ಕಥೆ ಇನ್ನೂ ಮಜವಾಗಿದೆ. ಸತ್ತ ಮೇಲೆ ದೇವರಾದ ಈ ವೀರನ ಮೂರ್ತಿ ಮೂರು ಮೀಟರಿಗೂ ಎತ್ತರ. ಲಿಸಿಪ್ಪಸ್ಸನ ಕಂಚನ್ನು ನೋಡಿ ಕಡೆದವನು ಅಥೆನ್ಸಿನ ಗ್ಲೈಕನ್. ಪ್ರತಿ ಮಾಡಿದವನಾದರೂ ಸಂಕೋಚವಿಲ್ಲದೆ ಕಲ್ಲಿನ ಮೇಲೆ ತನ್ನ ಹೆಸರನ್ನು ಕೊರೆದಿದ್ದಾನೆ. ಬೇಲೂರಿನ ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜ ಕೊರೆದಂತೆ. 1546ರಲ್ಲಿ ಕ್ಯಾರಕಲಾನ ಸ್ನಾನಗೃಹದ ಅವಶೇಷಗಳಲ್ಲಿ ಮೂರ್ತಿ ಸಿಕ್ಕಾಗ ಕಾಲುಗಳಿರಲಿಲ್ಲ. ದೆಲ್ಲಾ ಪೋರ್ತಾ ಎಂಬ ಶಿಲ್ಪಿ ಹೊಸ ಕಾಲು ಮಾಡಿಕೊಟ್ಟ. ಆಮೇಲೆ ಹಳೆಯ ಕಾಲುಗಳೂ ಸಿಕ್ಕವು. ಹೊಸವೇ ಇರಲಿ, ನಮ್ಮ ಕಾಲದವರೂ ಕಡಿಮೆಯಿಲ್ಲವೆಂದು ತಿಳಿಯಲಿ ಎಂದು ಮೈಕೆಲಾಂಜೆಲೊ ಹೇಳಿದನೆಂದು ಪ್ರತೀತಿ. ಹರ್ಕ್ಯುಲಿಸನಿಗೆ ಸ್ವಂತ ಕಾಲು ಮರಳಿ ಬಂದದ್ದು 1787ರಲ್ಲಿ.

ಮುರಿದ ಕೈಕಾಲಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕಣ್ಣು. ಈ ಮೂರ್ತಿಗಳಿಗೆ ಬಣ್ಣವಿತ್ತು. ತುಟಿ, ಕೂದಲು, ಬಟ್ಟೆಯಂಚು, ಕಣ್ಣಪಾಪೆ ಎಲ್ಲಕ್ಕೂ. ಬಣ್ಣದ ಉಳಿದ ಕಣಗಳನ್ನು ಪರೀಕ್ಷಿಸಿ, ಬಣ್ಣ ಹಚ್ಚಿದ ಪ್ರತಿಕೃತಿಗಳನ್ನು ಜರ್ಮನಿಯ ಬ್ರಿಂಕ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶಿಸಿದಾಗ ಬಿಳಿಯ ದೇವರಿಗೆ ಒಗ್ಗಿದ್ದವರು ಗಾಬರಿಯಾದರು. ನಮಗೆ ಗಾಬರಿಯಾಗುವಂಥದ್ದೇನಿಲ್ಲ, ಊರಹಬ್ಬದ ದೇವರನ್ನು ನೋಡಿದವರು ನಾವು. ಬಣ್ಣ ತೊಳೆದುಹೋದ ಮೇಲೆ ಕಣ್ಣಿನ ಜಾಗದಲ್ಲಿ ನುಣುಪಾದ ಕಲ್ಲು ಮಾತ್ರ ಉಳಿಯುತ್ತದೆ. ಆ ನಿರ್ಲಿಪ್ತ ನೋಟ ಎಂದು ಕವಿಗಳು ಕೊಂಡಾಡಿದ್ದು ನಿಜವಾಗಿ ನೋಟ ಹೋದ ಕಣ್ಣು. ದೇವರಿಗೆ ಕೊನೆಯಲ್ಲಿ ಕಣ್ಣು ತೆರೆಸುವುದನ್ನು ಕಂಡಿದ್ದ ನನಗೆ ಆಲ್ಟೆಂಪ್ಸಿನ ಕೋಣೆಗಳಲ್ಲಿ, ಕಣ್ಣು ತೆರೆಸುವವರು ಇನ್ನೂ ಬಂದಿಲ್ಲವೇನೋ, ಇವರೆಲ್ಲ ಕಾಯುತ್ತಿದ್ದಾರೇನೋ ಎನ್ನಿಸುತ್ತಿತ್ತು.

ವ್ಯಾಟಿಕನ್ನಿನ ಬೆಲ್ವೆಡೀರ್ ಅಂಗಳದ ಅಪೊಲೊನನ್ನು ನೋಡಿದ್ದು ಹೊರಡುವ ಹಿಂದಿನ ದಿನ. ಬಹುಶಃ ಲಿಯೊಕರೀಸ್ ಮಾಡಿದ ಕಂಚಿನಿಂದ, ಎರಡನೇ ಶತಮಾನದಲ್ಲಿ ಕಲ್ಲಿಗೆ ಬಂದವನು. ಐದು ಶತಮಾನ ಆ ಅಂಗಳದಲ್ಲಿದ್ದಾನೆ. ನೆಪೋಲಿಯನ್ ಪ್ಯಾರಿಸ್ಸಿಗೆ ಎತ್ತಿಕೊಂಡು ಹೋದ ವರ್ಷಗಳು ಮಾತ್ರ ಇರಲಿಲ್ಲ. 2019ರ ಕೊನೆಯಲ್ಲಿ ಅವನ ಕಾಲುಗಳಲ್ಲಿ ಬಿರುಕು ಕಂಡು ದರ್ಶನ ನಿಲ್ಲಿಸಿದರು. ರಿಪೇರಿ ಮುಗಿದು 2024ರಲ್ಲಿ ಮತ್ತೆ ಜನರ ಮುಂದೆ ಬಂದ.

ಬಲಗಾಲಿನ ಪಕ್ಕ ಹಾವು ಸುತ್ತಿದ ಮೋಟು ಇದ್ದೇ ಇದೆ. ಈಗ ಬೆನ್ನ ಹಿಂದೆ ಕಾರ್ಬನ್ ಫೈಬರಿನ ಒಂದು ಕಂಬವೂ ಬಂದಿದೆ. ರೋಮನ್ ಕುಟಿಗ ಕೊಟ್ಟ ಆಸರೆ ಸಾಲದೆ ನಮ್ಮ ಕಾಲ ಕೊಟ್ಟ ಇನ್ನೊಂದು. ಎಡಗೈ ಹೊಸದು. ಬಯಾದ ನೆಲಮಾಳಿಗೆಯಲ್ಲಿ ಸಿಕ್ಕ ಪ್ಲಾಸ್ಟರ್ ಚೂರುಗಳಲ್ಲಿ ಒಂದು ಕೈಯಿತ್ತು, ಅದರ ಪ್ರತಿಯನ್ನು ಅಳವಡಿಸಿದ್ದಾರೆ. ಕರಗಿಹೋದ ಕಂಚಿಗೆ ಅಂಟಿಕೊಂಡಿದ್ದ ಅಚ್ಚು, ಅಚ್ಚಿನಿಂದ ಎರೆದ ಕೈ, ಆ ಕೈಯ ನಕಲು ಇಷ್ಟೆಲ್ಲ ಸುತ್ತಿ ಮತ್ತೆ ದೇವರ ತೋಳಿಗೆ ಬಂದಿದೆ.

ಜನ ಗುಂಪುಗುಂಪಾಗಿ ಬಂದು ಫೋಟೊ ತೆಗೆದು ಮುಂದೆ ಹೋಗುತ್ತಿದ್ದರು. ಎರಡು ಗುಂಪುಗಳ ನಡುವೆ ಒಂದು ನಿಮಿಷ ಅಂಗಳದ ಆ ಮೂಲೆ ಖಾಲಿಯಾಯಿತು. ಮಗಳು ಆಚೆ ಲಾಒಕೂನನ ಮುಂದೆ ನಿಂತಿದ್ದಳು. ನಾನು ಅಪೊಲೊನ ನುಣುಪು ಕಣ್ಣುಗಳ ಕಡೆ ನೋಡಿ, ಕನ್ನಡದಲ್ಲೇ, ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಯಾರ ಮೊಮ್ಮಗಳು ಎಂದು ಹೇಳಿದೆ. ಅಷ್ಟರಲ್ಲಿ ಇನ್ನೊಂದು ಗುಂಪು ಬಂತು.